ಕಾಕಾ ಕೊಟ್ಟ ಹೊಸ ಟೂಲು

ಥಿನ್ನರ್ ವಾಸನೆ ಮೂಗಿಗೆ ಬಡಿದ ಕೂಡಲೇ ನನಗೆ ಕಾಕಾ ನೆನಪಾದರು. ಆಯುಧ ಪೂಜೆಯ ಹಿಂದಿನ ಮಧ್ಯಾಹ್ನ. ಅಮೃತಹಳ್ಳಿಯ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕುಳಿತು ಪೂಜೆಗೆ ಇಡುವ ಸಾಮಾನನ್ನೆಲ್ಲ ತಿಕ್ಕುತ್ತಿದ್ದೆ. ಈಳಿಗೆ ಮಣೆ, ರೊಟ್ಟಿ ಹಂಚು, ನಮ್ಮವರ ಸ್ಪ್ಯಾನರು, ಕೊನೆಗೆ ಒಂದು ಟೂಲು.

ಟೂಲು ಅಂದರೆ ಲೇತಿಗೆ ಹಾಕುವ ಟೂಲು. ಗೇಣಿಗಿಂತ ಗಿಡ್ಡನೆಯ ಚೌಕದ ಉಕ್ಕಿನ ಸರಳು. ಅದರ ತುದಿಯಲ್ಲಿ ಕಾರ್ಬೈಡಿನ ಒಂದು ಚೂರನ್ನು ಹಿತ್ತಾಳೆ ಕರಗಿಸಿ ಬೆಸೆದಿರುತ್ತಾರೆ. ತಿರುಗುವ ಕಬ್ಬಿಣವನ್ನು ಕತ್ತರಿಸುವುದು ಆ ಚೂರು. ನಮ್ಮ ಲೇತ್ ಹೋಗಿ ಎಷ್ಟೋ ಕಾಲವಾಯಿತು. ಒಂದು ಟೂಲು ಮಾತ್ರ ಉಳಿದಿತ್ತು, ಒಮ್ಮೆಯೂ ಮಷಿನ್ನಿಗೆ ಹಾಕದ ಹೊಸ ಟೂಲು. ವರ್ಷಕ್ಕೊಮ್ಮೆ ಒರೆಸಿ, ಕುಂಕುಮ ಹಚ್ಚಿ, ಮತ್ತೆ ಕಪಾಟಿನ ಮೇಲಿಡುತ್ತಿದ್ದೆವು. ಈ ಸಲ ಮಳೆಗೆ ಗೋಡೆ ತೇವ ಹಿಡಿದು ಅದರ ನೀಲಿ ಬಣ್ಣ ಗುಳ್ಳೆ ಎದ್ದಿತ್ತು. ಮನೆ ಮಾಲೀಕರು ಗ್ರಿಲ್ಲಿಗೆ ಬಣ್ಣ ಹೊಡೆಸಿದಾಗ ಉಳಿದ ಥಿನ್ನರ್ ಬಾಟಲಿ ಇತ್ತು. ಬಟ್ಟೆ ಅದ್ದಿ ಉಜ್ಜತೊಡಗಿದೆ.

ಕಾಕಾರ ಅಂಗಡಿ ಹೀಗೇ ನಾರುತ್ತಿತ್ತು. ಗ್ರೀಸು, ಎಣ್ಣೆ ಕಾಗದ, ಶೇಂಗಾ ಚಟ್ನಿ, ಅವೆಲ್ಲದರ ಮೇಲೆ ಥಿನ್ನರ್. ಹೊಸ ಟೂಲಿನ ವಾಸನೆಯೇ ಅದು ಅಂದುಕೊಂಡಿದ್ದೆ ನಾನು. ಅರ್ಧ ಬಣ್ಣ ಬಿಡುವ ತನಕ ಅವರನ್ನು ಪ್ರೀತಿಯಿಂದಲೇ ನೆನೆಯುತ್ತಿದ್ದೆ. ಅದನ್ನು ಮೊದಲೇ ಹೇಳಿಬಿಡಬೇಕು.

ನಾವು ಗದಗದ ಕಡೆಯವರು. ನಮ್ಮವರು ಮದುವೆಗೆ ಮುಂಚೆಯೇ ಬೆಂಗಳೂರಿಗೆ ಬಂದು ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದರು. ಆಮೇಲೆ ಅಮೃತಹಳ್ಳಿಯ ಗೌಡರ ಜಾಗದಲ್ಲಿ ಒಂದು ಶೀಟಿನ ಶೆಡ್ಡು ಹಿಡಿದು ಸ್ವಂತ ಲೇತ್ ಹಾಕಿದರು. ಒಂದೇ ಲೇತ್, ಒಬ್ಬರೇ ಕೆಲಸಗಾರ. ಪಂಪಿನೊಳಗೆ ಕೂರುವ ಬಳೆಯಂಥ ಬುಷ್ಷು, ಪಿನ್ನು, ಸಣ್ಣಪುಟ್ಟ ಶಾಫ್ಟು, ಇಂಥ ಜಾಬ್ ಕೆಲಸ. ಅವರು ಮಷಿನ್ ಬಿಟ್ಟು ಎದ್ದರೆ ಕೆಲಸ ನಿಲ್ಲುತ್ತಿತ್ತು. ಹಾಗಾಗಿ ಟೂಲು ತರುವುದು, ಆದ ಜಾಬನ್ನು ಒರೆಸಿ ಕಟ್ಟಿ ಕೊಟ್ಟು ಬರುವುದು ನನ್ನ ಪಾಲಿಗೆ ಬಂತು. ತಿರುಗುವ ಹಸಿರು ಸಾಣೆಕಲ್ಲಿನ ಮೇಲೆ ಟೂಲು ಮಸೆಯುವುದನ್ನೂ ಕಲಿತಿದ್ದೆ. ರೊಟ್ಟಿ ಬಡಿಯುವ ಕೈಗೆ ಅದೇನೂ ಕಷ್ಟವಾಗಲಿಲ್ಲ.

ಕಷ್ಟವಾದದ್ದು ಯಶವಂತಪುರದ ಅಂಗಡಿಗಳಲ್ಲಿ. ಸೀರೆ ಉಟ್ಟ ಹೆಂಗಸು ಬಂದು ಟೂಲು ಕೇಳಿದರೆ ಆ ಓಣಿಯ ಅಂಗಡಿಯವರು ನನ್ನ ಹಿಂದೆ ಯಾರಾದರೂ ಗಂಡಸು ನಿಂತಿದ್ದಾನೋ ಎಂದು ಇಣುಕುತ್ತಿದ್ದರು. "ಸರ್ ಬಂದಿಲ್ವಾ ಮೇಡಂ? ಫೋನ್ ಹಾಕ್ಕೊಡಿ, ಅವರ ಹತ್ರಾನೇ ಮಾತಾಡ್ತೀನಿ" ಅನ್ನುತ್ತಿದ್ದರು. ಹಾಗೆ ಎರಡು ಮೂರು ಕಡೆ ಮುಖ ಸಿಂಡರಿಸಿಕೊಂಡು ಬಂದ ದಿನವೇ ನಾನು ಓಣಿಯ ಕೊನೆಯ ಅಂಗಡಿ ಹತ್ತಿದ್ದು. ನಾನು ಬಾಯಿ ತೆರೆದು ಒಂದು ಮಾತಾಡಿದ್ದೇ ತಡ, ಕೌಂಟರಿನ ಆಚೆ ಕನ್ನಡಕವನ್ನು ದಾರದಿಂದ ಕಟ್ಟಿಕೊಂಡಿದ್ದ ಹಿರಿಯರು ತಲೆ ಎತ್ತಿದರು.

"ಯಾವ ಊರವಾ ನಿಂದು?"

ಅಷ್ಟೇ. ಬೆಂಗಳೂರಿಗೆ ಬಂದ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವರ ಊರೂ ನಮ್ಮ ಕಡೆಯದೇ. ಸ್ಟೂಲು ಎಳೆದು ಕೂರಿಸಿದರು, ನೀರು ಕೊಟ್ಟರು. ಡಬ್ಬಿಯಿಂದ ಒಂದು ಹಿಡಿ ಚುರುಮುರಿ ಸುರಿದು ಮೇಲೆ ಶೇಂಗಾ ಚಟ್ನಿ ಉದುರಿಸಿ ಮುಂದಿಟ್ಟರು. ಆ ದಿನದಿಂದ ಅವರು ನಮಗೆ ಕಾಕಾ. ಅವರ ಹೆಸರು ಬೋರ್ಡಿನ ಮೇಲೆ ಇತ್ತು, ಆದರೆ ನಾವು ಹೆಸರು ಹಿಡಿದು ಕರೆಯಲೇ ಇಲ್ಲ.

ಟೂಲಿನ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ಕಲಿಸಿದವರು ಅವರೇ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ, ಆದರೂ ನಿಜ. ನೀಲಿ ಬಣ್ಣದ್ದು ಉಕ್ಕಿಗೆ, ಕೆಂಪು ಬಣ್ಣದ್ದು ಬೀಡು ಕಬ್ಬಿಣಕ್ಕೆ ಎಂದು ಬೇರ್ಪಡಿಸಿ ತೋರಿಸಿದರು. ಆ ಹೊತ್ತಿಗೆ ಹೊಸ ಬಗೆಯ ಟೂಲುಗಳು ಬಂದಿದ್ದವು. ಅವುಗಳಲ್ಲಿ ಚೂರನ್ನು ಬೆಸೆಯುವುದಿಲ್ಲ, ಸ್ಕ್ರೂ ಹಾಕಿ ಕೂರಿಸುತ್ತಾರೆ. ಸವೆದರೆ ತಿರುಗಿಸಿ ಹಾಕಿದರಾಯಿತು. ಅವನ್ನು ಮಾರುವ ಹುಡುಗರು ಟೈ ಕಟ್ಟಿಕೊಂಡು ಶೆಡ್ಡಿನ ತನಕ ಬರುತ್ತಿದ್ದರು. ನಾನು ಕಾಕಾರನ್ನು ಕೇಳಿದೆ. ಅವರು ನಕ್ಕರು.

"ಅದು ದೊಡ್ಡ ಮಷಿನ್ನಿಗೆ ಚಲೋ ಯವ್ವಾ. ನಿಮ್ಮದು ಹಳೇ ಲೇತು. ಬೆಸದದ್ದು ಸಾಕು ನಿಮಗ. ಮಸದ್ರ ಮತ್ತ ಹೊಸಾದು, ಮತ್ತ ಮಸದ್ರ ಮತ್ತ ಹೊಸಾದು. ಅಗ್ಗ ಅಂದ್ರ ಕೆಟ್ಟದ್ದಂತಲ್ಲ. ಅಗ್ಗದ್ರಾಗ ಆರಸಾಕ ಬರಬೇಕು."

ಆರಿಸುವುದನ್ನೂ ಹೇಳಿಕೊಟ್ಟರು. ಅಗ್ಗದ ಟೂಲುಗಳನ್ನು ಮೂತಿಯ ತನಕ ಬಣ್ಣದಲ್ಲಿ ಅದ್ದಿರುತ್ತಾರೆ. ತುಕ್ಕು ಹಿಡಿಯಬಾರದು ಎನ್ನುವುದು ನೆಪ, ಬೆಸುಗೆ ಕಾಣಬಾರದು ಎನ್ನುವುದು ಉದ್ದೇಶ. ಆದ್ದರಿಂದ ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕಾರ್ಬೈಡ್ ಚೂರಿನ ಬುಡದ ಬಣ್ಣ ಕೆರೆದು ನೋಡಬೇಕು. ಅಲ್ಲಿ ಹಿತ್ತಾಳೆಯ ಗೆರೆ ದಾರದ ಹಾಗೆ ತೆಳ್ಳಗೆ, ಎಲ್ಲೂ ತುಂಡಾಗದೆ ಓಡಿರಬೇಕು. ದಪ್ಪಗೆ ಮೆತ್ತಿದ್ದರೆ ಕೂತಿಲ್ಲ ಎಂದರ್ಥ. ನಡುವೆ ಕಪ್ಪು ಕಂಡರೆ ಒಳಗೆ ಹಳೆಯ ಕೊಳೆ ಉಳಿದಿದೆ. ಅಂಥದ್ದು ಬಿಸಿಯಾದೊಡನೆ ಬಿಟ್ಟುಕೊಳ್ಳುತ್ತದೆ. ಹಾಗೆ ಆರಿಸಿ ತಂದ ಅಗ್ಗದ ಟೂಲುಗಳು ನಮ್ಮಲ್ಲಿ ನಿಯತ್ತಿನಿಂದ ದುಡಿದವು. ಮಸೆದು ಮಸೆದು ಕಾರ್ಬೈಡು ಉಗುರಿನಷ್ಟು ಆಗುವ ತನಕ ದುಡಿದವು. ಟೂಲಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಒಂದು ಆರು ತಿಂಗಳು ನಾನು ಕೌಂಟರಿನಲ್ಲೇ ನಿಂತು ಒಂದೊಂದನ್ನೂ ಕೆರೆದು ನೋಡುತ್ತಿದ್ದೆ. ಕಾಕಾ ಹೆಮ್ಮೆಯಿಂದ ನೋಡುತ್ತಿದ್ದರು, ಪಕ್ಕದ ಗಿರಾಕಿಗಳಿಗೆ ತೋರಿಸುತ್ತಿದ್ದರು. ಆಮೇಲೊಂದು ದಿನ ಅಂಗಡಿ ತುಂಬ ಜನ ಇದ್ದರು. ನಾನು ಎಂದಿನಂತೆ ಬ್ಲೇಡು ತೆಗೆದೆ. ಅವರು ನನ್ನ ಕೈಯಿಂದ ಟೂಲನ್ನು ಮೆಲ್ಲಗೆ ತೆಗೆದುಕೊಂಡರು.

"ಇನ್ನೂ ಕಾಕಾನ ಮ್ಯಾಲ ಸಂಶಯ ಏನವಾ? ನಿಮ್ಮನಿಗೆ ಕೊಡೂದು ನಾ ನೋಡೇ ಕೊಡತೇನಿ."

ಸಿಟ್ಟಿನಿಂದಲ್ಲ, ನಗುತ್ತಲೇ ಅಂದರು. ನನಗೆ ಮೈಯೆಲ್ಲ ಹಿಡಿಯಾಯಿತು. ತಿನ್ನಲು ಕೊಟ್ಟ ಕೈಯ ಮುಂದೆ ಕೂತು ತುತ್ತು ಮೂಸಿ ನೋಡಿದ ಹಾಗೆ ಅನಿಸಿತು. ನಮ್ಮ ಕಡೆ ಹಿರಿಯರ ಎದುರು ಹಾಗೆ ಮಾಡುವುದಿಲ್ಲ. ಅವತ್ತಿನಿಂದ ನಾನು ಬ್ಲೇಡು ಒಯ್ಯುವುದನ್ನು ಬಿಟ್ಟೆ. ಅವರು ಒಳಗಿನ ಕೋಣೆಗೆ ಹೋಗಿ ಟೂಲು ತಂದು, ತಮ್ಮ ಪಂಚೆಯ ಚುಂಗಿನಿಂದ ಒರೆಸಿ, ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರು. ಮಕ್ಕಳಿಗೆ ತಿಂಡಿ ಕಟ್ಟಿಕೊಡುವಂತೆ ಪೊಟ್ಟಣ ಮಡಚುತ್ತಿದ್ದರು. ನಾನು ಹಾಗೇ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ.

ಪ್ರತಿ ಆಯುಧ ಪೂಜೆಗೂ ಅವರು ನಮ್ಮ ಶೆಡ್ಡಿಗೆ ಬರುತ್ತಿದ್ದರು. ಸ್ಕೂಟರಿನ ಮುಂದೆ ಒಂದು ಬೂದುಗುಂಬಳ, ಹಿಂದೆ ಗೋಣಿಚೀಲ. ಲೇತಿಗೆ ಹೂವು ಏರಿಸಿ, ಕುಂಬಳಕಾಯಿ ಒಡೆದು, ನಾನು ಮಾಡಿದ ಹೋಳಿಗೆ ತಿಂದು, ಆಮೇಲೆ ನಮ್ಮವರನ್ನು ಕೇಳುತ್ತಿದ್ದರು: "ಸತ್ತ ಟೂಲ ಎಷ್ಟ ಅದಾವ್ರಿ?"

ಮಸೆಯಲು ಕಾರ್ಬೈಡೇ ಉಳಿಯದ, ಬರೀ ಉಕ್ಕಿನ ಸರಳಾದ ಟೂಲಿಗೆ ನಾವು ಸತ್ತ ಟೂಲು ಅನ್ನುತ್ತಿದ್ದೆವು. ಬೇರೆ ಶೆಡ್ಡಿನವರು ಅವನ್ನು ಗುಜರಿಗೆ ಹಾಕುತ್ತಿದ್ದರು. ಕಾಕಾ ಹಾಗೆ ಬಿಡುತ್ತಿರಲಿಲ್ಲ. ತಮ್ಮ ಊರಿನ ಕಂಬಾರನಿಗೆ ಕಳಿಸುತ್ತೇನೆ, ಅವನು ಇದರಲ್ಲಿ ಉಳಿ ಮಾಡುತ್ತಾನೆ, ಕಳೆ ತೆಗೆಯುವ ಕುರ್ಚಿಗಿ ಮಾಡುತ್ತಾನೆ ಎಂದು ಹೇಳುತ್ತಿದ್ದರು. "ನಿಮ್ಮ ಕೈಯಾಗ ದುಡದ ಉಕ್ಕು ನಮ್ಮ ಕಡೆ ಹೊಲದಾಗ ದುಡೀಲಿ" ಅನ್ನುತ್ತಿದ್ದರು. ನಮ್ಮವರು ಮಾತು ಕಡಿಮೆಯ ಮನುಷ್ಯ. ಆದರೆ ಇದನ್ನು ಕೇಳಿದಾಗ ಅವರ ಮುಖ ಅರಳುವುದನ್ನು ನಾನು ನೋಡಿದ್ದೇನೆ. ಸತ್ತ ಟೂಲುಗಳನ್ನು ಒಂದೊಂದಾಗಿ ಒರೆಸಿ, ಕುಂಕುಮದ ಬೊಟ್ಟಿಟ್ಟು, ಚೀಲಕ್ಕೆ ಹಾಕುತ್ತಿದ್ದರು. ಹೆಣ್ಣುಮಗಳನ್ನು ಕಳಿಸಿಕೊಟ್ಟಂತೆ ಸ್ಕೂಟರ್ ತಿರುಗುವ ತನಕ ನಿಂತಿರುತ್ತಿದ್ದರು.

ಶೆಡ್ಡಿನ ಮಾಲೀಕ ಗೌಡರು ಮಾತ್ರ ಇದನ್ನು ನೋಡಿ ಮೂಗು ಮುರಿಯುತ್ತಿದ್ದರು. ಆ ಕಾಲಕ್ಕೆ ಅವರ ಹೊಲದಲ್ಲೆಲ್ಲ ಲೇಔಟ್ ಎದ್ದು, ಅವರು ಬೆಳಗ್ಗೆಯಿಂದ ಸಂಜೆ ತನಕ ಕುರ್ಚಿ ಹಾಕಿಕೊಂಡು ಊರ ಉಸಾಬರಿ ನೋಡುತ್ತಿದ್ದರು.

"ಏನಮ್ಮಾ, ಆವಪ್ಪ ವರ್ಸಾ ವರ್ಸಾ ಚೀಲ ತುಂಬ್ಕೊಂಡ್ ಓಗ್ತಾನಲ್ಲ, ಅವ್ನ ಊರ್‌ನಾಗೆ ಎಷ್ಟ್ ಜನ ಕಮ್ಮಾರ್‌ರು ಇದಾರೆ? ನಿಮ್ ಕಡೆಯೋನು ಅಂತ ಇಂಗೆಲ್ಲ ನಂಬ್ಬಾರ್ದು ಕಣಮ್ಮಾ."

ಗೌಡರಿಗೆ ನಮ್ಮ ಕಡೆಯವರ ಪ್ರೀತಿ ಅರ್ಥವಾಗುವುದಿಲ್ಲ ಎಂದು ನಾನು ಒಳಗೊಳಗೇ ನಕ್ಕಿದ್ದೆ. ಗಾಳಿಮಾತು ಆಡುವವರು ಎಂದು ಮನೆಯಲ್ಲಿ ಅವರನ್ನು ಅಣಕಿಸಿ ತೋರಿಸಿದ್ದೂ ಉಂಟು.

ಯಾವಾಗ ಶುರುವಾಯಿತೋ ಸರಿಯಾಗಿ ನೆನಪಿಲ್ಲ... ಒಂದು ಬೇಸಿಗೆ ಇರಬೇಕು. ಟೂಲುಗಳ ಚೂರು ಕಿತ್ತು ಬರತೊಡಗಿತು. ಮಸೆದು ಹಾಕಿ, ಇನ್ನೇನು ಜಾಬ್ ನುಣುಪಾಗಿ ಬರುತ್ತಿದೆ ಅನ್ನುವಷ್ಟರಲ್ಲಿ ಟಕ್ ಎಂದು ಒಂದು ಸದ್ದು. ಚೂರು ಹಾರಿ ಹೋಗಿರುತ್ತಿತ್ತು, ಬುಷ್ಷಿನ ಮೈ ಮೇಲೆ ಆಳವಾದ ಗೀರು ಬಿದ್ದಿರುತ್ತಿತ್ತು. ಆ ಜಾಬ್ ಗುಜರಿಗೆ. ಮೊದಲು ಅಪರೂಪಕ್ಕೆ, ಆಮೇಲೆ ಪದೇ ಪದೇ. ಬುಷ್ ಮಾಡಿಸುತ್ತಿದ್ದ ಪಂಪಿನವರು ಎರಡು ಸಲ ಸುಮ್ಮನಿದ್ದರು. ಮೂರನೆಯ ಸಲ ಬಂದವರು ಮೂಲೆಯಲ್ಲಿ ಗುಜರಿಗೆಂದು ಇಟ್ಟಿದ್ದ ಬುಷ್ಷುಗಳನ್ನು ಎತ್ತಿ ನಮ್ಮವರ ಮುಂದೆ ಸುರಿದು ಹೋದರು.

ನಾನು ಕಾಕಾರ ಹತ್ತಿರ ಓಡಿದೆ. ಚೂರು ಕಿತ್ತ ಟೂಲೊಂದನ್ನು ಚೀಲದಲ್ಲಿ ಒಯ್ದಿದ್ದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಹೆಬ್ಬೆರಳಿನಿಂದ ಸವರಿದರು. ಹಾಗೆ ಸವರಿದ ಹೆಬ್ಬೆರಳನ್ನು ಈಗ ಎಷ್ಟು ಸಲ ನೆನೆಯುತ್ತೇನೋ. ಆಮೇಲೆ ಸ್ಟೂಲು ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ ಹೇಳಿದರು.

"ಟೂಲಿಂದೇನೂ ತಪ್ಪಿಲ್ಲ ಯವ್ವಾ. ನಿಮ್ಮವರ ಕೈ ಭಾರ ಆಗೇದ. ವಯಸ್ಸಾತಂದ್ರ ಟರ್ನರ್ ಕೈ ಹಿಂಗ ಆಕ್ಕೈತಿ, ತಮಗ ಗೊತ್ತಾಗೂದಿಲ್ಲ, ಟೂಲು ಒಳಗ ದೂಡಿಬಿಡತಾರ. ನಾ ಭಾಳ ಮಂದೀನ ನೋಡೇನಿ. ನೀ ಸಾವಕಾಶ ಹೇಳು. ಮನಸ್ಸಿಗೆ ಹಚಗೋಬಾರದು."

ನಾನು ಅತ್ತೆ. ಅವರು ನೀರು ಕೊಟ್ಟರು. ಹೊರಡುವಾಗ ಹೊಸ ಟೂಲು ಸುತ್ತಿ ಕೊಟ್ಟರು, ಈ ಸಲ ದುಡ್ಡು ಬೇಡವೇ ಬೇಡ ಅಂದರು. ಅವರ ಆ ದೊಡ್ಡಮನಸ್ಸನ್ನೂ, ಆ ಮಾತನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ನಾನು ಮನೆಗೆ ಬಂದೆ. ನಾನೇ ಹೇಳಿದೆ ನಮ್ಮವರಿಗೆ. ಸಾವಕಾಶವಾಗಿ, ಕಾಕಾ ಹೇಳಿಕೊಟ್ಟ ಹಾಗೇ ಹೇಳಿದೆ.

ನಮ್ಮವರು ವಾದ ಮಾಡಲಿಲ್ಲ. ಬೇರೆ ಯಾರೇ ಅಂದಿದ್ದರೂ ನಕ್ಕುಬಿಡುತ್ತಿದ್ದರು. ಅವರ ಕೈಯನ್ನು ಕಾರ್ಖಾನೆಯ ದೊಡ್ಡ ಮೇಸ್ತ್ರಿಗಳೇ ಹೊಗಳುತ್ತಿದ್ದರು. ವರ್ನಿಯರ್ ಹಿಡಿಯುವ ಮುಂಚೆ ಬೆರಳಿನಿಂದ ಸವರಿ ಅಳತೆ ಹೇಳುತ್ತಿದ್ದ ಮನುಷ್ಯ. ಆದರೆ ಹೇಳಿದವರು ಕಾಕಾ, ಟೂಲಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು, ನಮ್ಮ ಕಡೆಯವರು. ಅದಕ್ಕೆ ಎದುರಾಡುವುದು ಹೇಗೆ? ಮರುದಿನದಿಂದ ಅವರು ಹೆದರಿ ಹೆದರಿ ಕಬ್ಬಿಣಕ್ಕೆ ಟೂಲು ತಾಗಿಸತೊಡಗಿದರು. ಒಂದು ಗಂಟೆಯ ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ಆದರೂ ಟಕ್ ಎನ್ನುವ ಸದ್ದು ನಿಲ್ಲಲಿಲ್ಲ. ಒಂದು ಸಂಜೆ ಒಳಗೆ ಹೋದಾಗ ನೋಡಿದೆ, ಅವರು ತುಂಬಿದ ನೀರಿನ ಲೋಟವನ್ನು ಕೈಚಾಚಿ ಹಿಡಿದುಕೊಂಡು ನಿಂತಿದ್ದರು. ನೀರು ಅಲುಗುತ್ತದೋ ಎಂದು ನೋಡುತ್ತಿದ್ದರು. ನನ್ನನ್ನು ಕಂಡು ಗಟಗಟ ಕುಡಿದುಬಿಟ್ಟರು, ಬಾಯಾರಿಕೆ ಅನ್ನುವಂತೆ...

ನೀರು ಅಲುಗಿರಲಿಲ್ಲ. ಅದನ್ನು ನಾನು ಕಂಡಿದ್ದೆ. ಆದರೂ ಕಾಕಾರ ಮಾತೇ ನಿಜವಿರಬೇಕು ಅಂದುಕೊಂಡೆ. ನಂಬಿಕೆ ಅಂದರೆ ಇಷ್ಟು ಕುರುಡು ನೋಡಿ.

ಕೆಲಸ ಕಡಿಮೆಯಾಯಿತು. ಒಂದು ದಿನ ನಮ್ಮವರು ಲೇತ್ ಒರೆಸಿ, ಎಣ್ಣೆ ಹಾಕಿ, ಬಟ್ಟೆ ಹೊದೆಸಿದರು. "ಇನ್ನ ಸಾಕು. ಕೈ ಹೋದ ಮ್ಯಾಲ ಮಷಿನ್ ಇಟಗೊಂಡು ಏನ್ ಮಾಡೂದು" ಅಂದರು. ಯಲಹಂಕದ ಕಡೆಯ ಗಿರಾಕಿಯನ್ನು ಹುಡುಕಿಕೊಟ್ಟವರೂ ಕಾಕಾನೇ. ಲೇತನ್ನು ಕ್ರೇನಿನಲ್ಲಿ ಎತ್ತುವಾಗ ನಮ್ಮವರು ಶೆಡ್ಡಿನ ಹಿಂದೆ ಹೋಗಿ ನಿಂತರು. ಕಾಕಾ ಅಲ್ಲಿಗೂ ಹೋಗಿ ಅವರ ಹೆಗಲ ಮೇಲೆ ಕೈಯಿಟ್ಟರು. ಆಮೇಲೆ ಪೇಪರಿನಲ್ಲಿ ಸುತ್ತಿದ ಒಂದು ಟೂಲನ್ನು ನನ್ನ ಕೈಗೆ ಕೊಟ್ಟರು.

"ಹೊಚ್ಚ ಹೊಸಾದವಾ. ಮಷಿನ್ ಹೋದ್ರೂ ಪೂಜಿ ಬಿಡಬ್ಯಾಡ್ರಿ. ವರ್ಷಕ್ಕೊಮ್ಮೆ ಇದಕ್ಕ ಕುಂಕುಮ ಹಚ್ರಿ."

ಆ ಮಾತಿಗೆ ನಾನು ಅವರ ಕಾಲಿಗೆ ಬಿದ್ದಿದ್ದೆ. ನಿಜವಾಗಿ ಬಿದ್ದಿದ್ದೆ, ರಸ್ತೆಯ ಧೂಳಿನಲ್ಲಿ, ಗೌಡರು ನೋಡುತ್ತಿರುವಾಗ.

ನಮ್ಮವರು ಜಕ್ಕೂರಿನ ಅಪಾರ್ಟ್‌ಮೆಂಟೊಂದರಲ್ಲಿ ನೀರಿನ ಪಂಪು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಹೊತ್ತಿಗೆ ಸರಿಯಾಗಿ ಮೋಟರ್ ಆನ್ ಮಾಡುವುದು, ಟ್ಯಾಂಕ್ ತುಂಬಿದರೆ ಆಫ್ ಮಾಡುವುದು. ಪಂಪು ಸದ್ದು ಮಾಡಿದರೆ ಯಾವ ಬುಷ್ ಸವೆದಿದೆ ಎಂದು ನಿಂತಲ್ಲೇ ಹೇಳುತ್ತಾರೆ, ಆದರೆ ಬಿಚ್ಚಿ ಕೈ ಹಾಕುವುದಿಲ್ಲ. ಮೆಕ್ಯಾನಿಕ್ ಬರಲಿ ಅನ್ನುತ್ತಾರೆ. ಮನೆಯಲ್ಲೂ ಹಾಗೆಯೇ. ಮಿಕ್ಸಿ ಕೆಟ್ಟರೆ, ಬಾಗಿಲ ಚಿಲಕ ಸಡಿಲವಾದರೆ, "ನನ್ನ ಕೈ ಬ್ಯಾಡ, ಯಾರನ್ನರ ಕರಿ" ಅನ್ನುತ್ತಾರೆ. ನಾನು ಸಹಕಾರನಗರದ ನಾಲ್ಕಾರು ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತೇನೆ. ಸಂಸಾರ ನಡೆದಿದೆ. ಆದರೆ ತನ್ನ ಕೈಯನ್ನೇ ನಂಬದ ಗಂಡಸಿನ ಜೊತೆ ಇಷ್ಟು ಕಾಲ ಬದುಕಿದ್ದೇನೆ, ಅದನ್ನು ಸಂಸಾರದ ಲೆಕ್ಕದಲ್ಲಿ ಎಲ್ಲಿ ಹಿಡಿಯುವುದೋ ನನಗೆ ಗೊತ್ತಿಲ್ಲ.

ಕೆಲವು ವರ್ಷದ ಹಿಂದೆ ಕಾಕಾ ತೀರಿಕೊಂಡರು. ಸುದ್ದಿ ಬಂದ ದಿನ ನಾನು ರೊಟ್ಟಿ ಹಂಚು ಇಳಿಸಿಟ್ಟು ಓಡಿದ್ದೆ. ಅಪ್ಪ ಸತ್ತಾಗ ಅತ್ತ ಹಾಗೆ ಅತ್ತಿದ್ದೆ. ಅವರ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ.

ಇನ್ನು ಮೊನ್ನೆಯ ಮಧ್ಯಾಹ್ನಕ್ಕೆ ಬರುತ್ತೇನೆ. ನೀಲಿ ಬಣ್ಣ ಬಟ್ಟೆಗೆ ಇಳಿಯುತ್ತಿತ್ತು. ಟೂಲಿನ ಹಿಂತುದಿಯ ಕೆಳಮೈಯನ್ನು ಉಜ್ಜುವಾಗ ಬೆರಳಿಗೆ ಏನೋ ಗೀರು ತಾಕಿತು. ತುಕ್ಕಿನ ಕಲೆ ಇರಬೇಕೆಂದು ಇನ್ನೂ ಉಜ್ಜಿದೆ. ಗೀರಿನೊಳಗೆ ತುಂಬಿದ್ದ ಬಣ್ಣ ಕರಗಿ ಹೊರಬಂತು. ಎರಡು ಓರೆ ಗೀರು, ನಡುವೆ ಪಂಚು ಹೊಡೆದ ಒಂದು ಚುಕ್ಕೆ.

ಲೇತಿನವರು ಒಬ್ಬರ ಟೂಲು ಒಬ್ಬರು ಎರವಲು ಒಯ್ಯುತ್ತಾರೆ. ತಿರುಗಿ ಬಂದಾಗ ಗುರುತು ಸಿಗಲಿ ಎಂದು ಪ್ರತಿಯೊಬ್ಬರೂ ತಮ್ಮ ಟೂಲಿನ ಹಿಂತುದಿಗೆ ಕಬ್ಬಿಣ ಉಜ್ಜುವ ಅರದಿಂದ ಒಂದು ಗುರುತು ಮಾಡಿರುತ್ತಾರೆ. ಎರಡು ಓರೆ ಗೀರು, ನಡುವೆ ಚುಕ್ಕೆ. ಅದು ನಮ್ಮವರ ಗುರುತು. ಅದನ್ನು ಅವರು ಹಾಕುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ.

ಕಾಕಾ ಕೊಟ್ಟ ಹೊಚ್ಚ ಹೊಸ ಟೂಲಿನ ಮೇಲೆ ನಮ್ಮವರ ಗುರುತು ಬಂದದ್ದು ಹೇಗೆ?

ನಾನು ಎದ್ದು ಹೋಗಿ ಚಾಕುವಿನಿಂದ ಚೂರಿನ ಬುಡವನ್ನು ಕೆರೆದೆ. ಬಿಟ್ಟುಹೋಗಿದ್ದ ಅಭ್ಯಾಸ ಕೈಗೆ ತಾನಾಗಿ ಬಂತು. ಹಿತ್ತಾಳೆ ದಪ್ಪಗೆ ಮೆತ್ತಿತ್ತು. ನಡುನಡುವೆ ಕಪ್ಪು. ಕೆಳಗೆ ಹಳೆಯ ಬೆಸುಗೆಯನ್ನು ಸರಿಯಾಗಿ ತೆಗೆದೇ ಇರಲಿಲ್ಲ. ಕೂರಿಸಿದ ಚೂರೂ ಹೊಸದಲ್ಲ, ಎಲ್ಲೋ ಕಿತ್ತದ್ದು. ಯಾವ ಕಂಬಾರನೂ ಇರಲಿಲ್ಲ. ಯಾವ ಹೊಲದಲ್ಲೂ ನಮ್ಮ ಉಕ್ಕು ದುಡಿಯಲಿಲ್ಲ. ಕುಂಕುಮ ಹಚ್ಚಿ ಕಳಿಸಿದ ಸತ್ತ ಟೂಲುಗಳು ಯಶವಂತಪುರದ ಅಂಗಡಿಯ ಒಳಕೋಣೆಯಲ್ಲಿ ಥಿನ್ನರ್ ಬೆರೆಸಿದ ನೀಲಿ ಬಣ್ಣದಲ್ಲಿ ಮುಳುಗಿ ಎದ್ದು, ಹೊಸದಾಗಿ, ನನ್ನ ಚೀಲದಲ್ಲೇ ಮನೆಗೆ ತಿರುಗಿ ಬರುತ್ತಿದ್ದವು.

ಹಳೆಯ ಸರಳಿಗೆ ಹೊಸ ಚೂರು ಬೆಸೆದು ಮಾರುವುದು ತಪ್ಪಲ್ಲ. ಎಷ್ಟೋ ಜನ ಹೇಳಿಯೇ ಮಾರುತ್ತಾರೆ. ಶುದ್ಧವಾಗಿ ಉಜ್ಜಿ, ಹೊಸ ಕಾರ್ಬೈಡು ಕೂರಿಸಿ, ಹಳೆಯದಿದು ಯವ್ವಾ ಅಂದಿದ್ದರೆ ನಾನು ಸಂತೋಷದಿಂದ ಕೊಂಡು ಬರುತ್ತಿದ್ದೆ. ಟೂಲಿನಲ್ಲಿ ಮೋಸ ಮಾಡಿದ್ದನ್ನೂ ಹೇಗೋ ನುಂಗಿಕೊಳ್ಳಬಹುದು. ಅಂಗಡಿ ನಡೆಸುವವರು, ಕಷ್ಟವಿತ್ತೇನೋ. ಆದರೆ ಕಿತ್ತ ಟೂಲನ್ನು ಬೆಳಕಿಗೆ ಹಿಡಿದು ನೋಡಿದ ಮೇಲೂ, ಏನಾಗಿದೆ ಎಂದು ಗೊತ್ತಿದ್ದೂ, ನಮ್ಮವರ ಕೈಯ ಮೇಲೆ ಹಾಕಿದರಲ್ಲ. ಅದನ್ನು ತಮ್ಮ ಬಾಯಿಯಿಂದ ಹೇಳಲಿಲ್ಲ, ನನ್ನ ಬಾಯಿಂದ ಹೇಳಿಸಿದರಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನು ಆಡುತ್ತೇನೆ. ಅವರಿಗಾಗಿ ಸುರಿಸಿದ ಕಣ್ಣೀರನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ಇವತ್ತೇ ತೆಗೆದುಕೊಳ್ಳುತ್ತಿದ್ದೆ.

ಇನ್ನೊಂದು ನನಗೆ ತಿಳಿಯುತ್ತಿಲ್ಲ. ಆ ಕೊನೆಯ ಟೂಲನ್ನು ಕೊಡುವಾಗ ಅದು ನಮ್ಮದೇ ಎಂದು ಅವರಿಗೆ ಗೊತ್ತಿತ್ತೋ, ಅಥವಾ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಸುತ್ತಿ ಕೊಟ್ಟರೋ? ಗೊತ್ತಿದ್ದರೆ ಅದು ಎಂಥ ಎದೆ. ಗೊತ್ತಿರದಿದ್ದರೆ, ನಮ್ಮವರ ಗುರುತನ್ನು ಅವರು ಒಮ್ಮೆಯೂ ನೋಡಿಯೇ ಇರಲಿಲ್ಲ. ಹೆಗಲ ಮೇಲಿಟ್ಟ ಕೈ ಮಾತ್ರ ಬೆಚ್ಚಗೇ ಇತ್ತು... ಅದೂ ಸುಳ್ಳಾಗಿತ್ತು ಎಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ. ಅದಕ್ಕೇ ಇಷ್ಟು ಉರಿ.

ಸಂಜೆ ನಮ್ಮವರು ಕೆಲಸದಿಂದ ಬರುವ ಮುಂಚೆ ಅದನ್ನು ಬಚ್ಚಿಡೋಣ ಅಂದುಕೊಂಡಿದ್ದೆ. ಆದರೆ ಥಿನ್ನರ್ ವಾಸನೆ ಬಚ್ಚಿಡಲು ಆಗುವುದಿಲ್ಲ. ಬಂದವರು ಪೂಜೆಯ ಮಣೆಯ ಮೇಲೆ ಟೂಲು ಕಾಣದೆ ಕೇಳಿದರು. ಕೊಟ್ಟೆ. ಅವರು ತಿರುಗಿಸಿ ನೋಡಿದರು. ಹೆಬ್ಬೆರಳು ಗುರುತಿನ ಮೇಲೆ ನಿಂತಿತು.

"ಇದು ನಂದೈತಲ್ಲ."

"ಹೂಂರೀ."

ಹಿತ್ತಾಳೆಯ ಗೆರೆಯನ್ನು ನೋಡಿದರು. ಅವರಿಗೆ ನಾನು ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಆಮೇಲೆ ಮಂಚದ ಕೆಳಗಿನ ಡಬ್ಬಿ ಎಳೆದು, ಎಷ್ಟೋ ಕಾಲದಿಂದ ಮುಟ್ಟದ ಅರವನ್ನು ತೆಗೆದರು. ಮೆಟ್ಟಿಲ ಮೇಲೆ ಕುಳಿತು, ಟೂಲನ್ನು ಮೊಣಕಾಲಿಗೆ ಒತ್ತಿ ಹಿಡಿದು, ತಮ್ಮ ಗುರುತನ್ನು ಉಜ್ಜಿ ಅಳಿಸತೊಡಗಿದರು.

"ಏನ್ ಮಾಡಾಕತ್ತೀರಿ?"

"ಇಂಥಾದ್ರ ಮ್ಯಾಲ ನನ್ನ ಗುರುತು ಬ್ಯಾಡ."

ಅರ ಹೋಗಿ ಬರುವ ಸದ್ದು ಮನೆಯಲ್ಲಿ ಎಷ್ಟು ವರ್ಷದ ಮೇಲೆ ಕೇಳಿತೋ. ಒತ್ತಡವಿಲ್ಲ, ಅವಸರವಿಲ್ಲ, ಒಂದೇ ಸಮ. ಮೊದಲು ಗೀರು ಹೋದವು, ಆಮೇಲೆ ಚುಕ್ಕೆ ಹೋಯಿತು. ಅರ ಹಿಡಿದು ಸಮತಟ್ಟು ಮಾಡುವುದು ಸುಲಭವಲ್ಲ, ಕೈ ತುಸು ತೂಗಿದರೂ ಅಂಚು ಇಳಿಯುತ್ತದೆ. ಮುಗಿದ ಮೇಲೆ ನಾನು ಅದನ್ನು ಈಸಿಕೊಂಡು ಬಾಗಿಲ ಬೆಳಕಿಗೆ ಹಿಡಿದೆ, ಮೇಲೆ ಸ್ಟೀಲಿನ ಪಟ್ಟಿ ಇಟ್ಟು ನೋಡಿದೆ. ನಡುವೆ ಎಲ್ಲೂ ಬೆಳಕು ತೂರಲಿಲ್ಲ, ಅಷ್ಟು ಸಮ.

"ನಿಮ್ಮ ಕೈ ಭಾರ ಆಗಿಲ್ಲರೀ," ಅಂದೆ. "ಯಾವಾಗೂ ಆಗಿರಲಿಲ್ಲ."

ಅವರು ತಮ್ಮ ಬಲಗೈಯನ್ನು ಅಂಗೈ ಮೇಲಾಗಿ ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದರು. ಅರದ ಪುಡಿ ಬೆರಳಿಗೆ ಅಂಟಿತ್ತು.

"ಈಗ ಹೇಳಿದಿ," ಅಂದರು. "ಲೇತ್ ಎಲ್ಲೈತಿ?"

ಮರುದಿನ ಪೂಜೆಗೆ ಮಣೆಯ ಮೇಲೆ ಈಳಿಗೆ, ಹಂಚು, ಸ್ಪ್ಯಾನರು, ಆ ಅರ ಇಟ್ಟೆವು. ಟೂಲನ್ನು ಇಡಲಿಲ್ಲ. ಅದು ಗುಜರಿಯವನಿಗೆ ಹೋಯಿತು.